ಹಿಂದುಳಿದ ಮಗುವಿನ ಬಳಿ ನಿಂತವರು

ಹತ್ತನೆಯ ತರಗತಿಯ ಫಲಿತಾಂಶ ಹೊರಬೀಳುವ ದಿನ ನಮ್ಮ ಊರುಗಳಲ್ಲಿ ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಒಂದರಲ್ಲಿ ಸಿಹಿ ಹಂಚುವ ಸಡಗರ, ಫೋನಿನ ಮೇಲೆ ಫೋನು. ಇನ್ನೊಂದರಲ್ಲಿ ಅರ್ಧ ಮುಚ್ಚಿದ ಬಾಗಿಲು, ತಗ್ಗಿದ ದನಿ. ಮೊದಲನೆಯ ಮನೆಯ ಸಂತೋಷದಲ್ಲಿ ನಾವೆಲ್ಲ ಪಾಲುದಾರರೇ. ಆದರೆ ಎರಡನೆಯ ಮನೆಯ ಆ ಮಗುವಿನ ಬಗ್ಗೆ ನಾವು ಎಂದಾದರೂ ನಿಂತು ಯೋಚಿಸಿದ್ದೇವೆಯೇ? ಅದು ಅಂದು ಒಂದೇ ದಿನದಲ್ಲಿ ಸೋತ ಮಗುವಲ್ಲ. ‘ದಡ್ಡ’, ‘ಸೋಮಾರಿ’, ‘ಎಷ್ಟು ಹೇಳಿದರೂ ಇವನ ತಲೆಗೆ ಹತ್ತುವುದಿಲ್ಲ’ ಎಂಬ ಮಾತುಗಳನ್ನು ಒಂದನೆಯ ತರಗತಿಯಿಂದಲೇ ಕೇಳುತ್ತಾ ಬೆಳೆದ ಮಗು ಅದು. ಕೊನೆಗೊಂದು ದಿನ ಅಂಕಪಟ್ಟಿ ಆ ಮಾತಿಗೆ ಮೊಹರು ಒತ್ತುತ್ತದೆ, ಅಷ್ಟೇ.

ಕಲಿಕೆಯಲ್ಲಿ ಹಿಂದುಳಿದ ಮಗುವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ವೈದ್ಯರು, ಶಿಕ್ಷಕರು, ನ್ಯಾಯಾಧೀಶರು ಈ ಪ್ರಶ್ನೆಗೆ ತಮ್ಮ ತಮ್ಮ ಉತ್ತರಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಕೆಲವು ಮಕ್ಕಳನ್ನು ಎತ್ತಿ ನಿಲ್ಲಿಸಿದವು, ಕೆಲವು ತುಳಿದುಹಾಕಿದವು. ಆ ಚರಿತ್ರೆಯ ಕೆಲವು ಪುಟಗಳನ್ನು ತಿರುವಿ ನೋಡಿದರೆ, ನಮ್ಮ ಮನೆಯ ಮಗುವನ್ನು ನಾವು ಯಾವ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದು ನಮಗೇ ಸ್ಪಷ್ಟವಾದೀತು.

ಕಾಡಿನಿಂದ ಬಂದ ಬಾಲಕ

1800ರ ಜನವರಿಯ ಚಳಿಯಲ್ಲಿ ದಕ್ಷಿಣ ಫ್ರಾನ್ಸಿನ ಅವೇರೋಂ ಪ್ರಾಂತದ ಒಂದು ಹಳ್ಳಿಯ ಬಳಿ, ಸುಮಾರು ಹನ್ನೊಂದು ಹನ್ನೆರಡು ವರ್ಷದ ಬಾಲಕನೊಬ್ಬ ಕಾಡಿನಿಂದ ಹೊರಬಂದು ಜನರ ಕೈಗೆ ಸಿಕ್ಕಿದ. ಅವನಿಗೆ ಮಾತು ಬಾರದು, ಬಟ್ಟೆ ಬೇಡ, ಮನುಷ್ಯರ ಸಹವಾಸವೂ ಬೇಡ. ಅವನನ್ನು ಪ್ಯಾರಿಸಿಗೆ ಕರೆತಂದಾಗ ಅಂದಿನ ಸುಪ್ರಸಿದ್ಧ ವೈದ್ಯ ಫಿಲಿಪ್ ಪಿನೆಲ್ ಪರೀಕ್ಷಿಸಿ, ಇವನು ಹುಟ್ಟಾ ಬುದ್ಧಿಹೀನ, ಗುಣವಾಗುವ ಆಸೆಯಿಲ್ಲ ಎಂದು ತೀರ್ಪಿತ್ತರು. ಮಾನಸಿಕ ರೋಗಿಗಳ ಬಗ್ಗೆ ಕರುಣೆಗೆ ಹೆಸರಾದ ಪಿನೆಲರ ಮಾತೇ ಹೀಗಿದ್ದ ಮೇಲೆ ಬೇರೆಯವರು ಏನು ಹೇಳಿಯಾರು?

ಆದರೆ ಕಿವುಡು ಮೂಗ ಮಕ್ಕಳ ಸಂಸ್ಥೆಯಲ್ಲಿದ್ದ ಇಪ್ಪತ್ತಾರು ವರ್ಷದ ಯುವ ವೈದ್ಯ ಜಾನ್ ಇತಾರ್ ಆ ತೀರ್ಪನ್ನು ಒಪ್ಪಲಿಲ್ಲ. ಬಾಲಕನಿಗೆ ವಿಕ್ತೋರ್ ಎಂದು ಹೆಸರಿಟ್ಟು ಸುಮಾರು ಐದು ವರ್ಷ ಅವನೊಂದಿಗೆ ದುಡಿದರು. ಬಿಸಿ ತಣ್ಣನೆಯ ಅರಿವು, ಸ್ಪರ್ಶ, ಶಬ್ದ, ಆಕಾರ ಹೀಗೆ ಒಂದೊಂದೇ ಮೆಟ್ಟಿಲು. ಹಾಲು ಎಂಬ ಅರ್ಥದ ಫ್ರೆಂಚ್ ಪದದ ನಾಲ್ಕು ಅಕ್ಷರಗಳನ್ನು ಜೋಡಿಸಲು ಕಲಿತ ವಿಕ್ತೋರ್, ಒಂದು ದಿನ ಆ ಅಕ್ಷರಗಳನ್ನು ತಾನಾಗಿಯೇ ಪರಿಚಿತರ ಮನೆಗೆ ಒಯ್ದು ಮೇಜಿನ ಮೇಲೆ ಜೋಡಿಸಿ ಹಾಲು ಕೇಳಿದನಂತೆ. ಆದರೂ ಮಾತು ಅವನಿಗೆ ಒಲಿಯಲೇ ಇಲ್ಲ. ಹೊರಗಿನವರ ಕಣ್ಣಿಗೆ ಇತಾರರ ಪ್ರಯತ್ನ ಸೋತಿತ್ತು.

ಆದರೆ 1806ರಲ್ಲಿ ಇತಾರ್ ಬರೆದ ವರದಿಯಲ್ಲಿ ಒಂದು ಸಣ್ಣ ಸಂಗತಿಯಿದೆ. ವಿಕ್ತೋರನನ್ನು ತಾಯಿಯಂತೆ ಸಾಕುತ್ತಿದ್ದವರು ಗೆರಾಂ ಎಂಬ ಮಹಿಳೆ. ಆಕೆಯ ಪತಿ ತೀರಿಕೊಂಡ ಬಳಿಕವೂ ಊಟದ ಮೇಜು ಸಿದ್ಧಪಡಿಸುವ ಕೆಲಸದ ವಿಕ್ತೋರ್ ರೂಢಿಯಂತೆ ಆತನ ತಟ್ಟೆಯನ್ನೂ ಇಟ್ಟ. ಅದನ್ನು ಕಂಡ ಆ ತಾಯಿ ಬಿಕ್ಕಿ ಅತ್ತಳು. ತನ್ನಿಂದಲೇ ಆಕೆಗೆ ನೋವಾಯಿತೆಂದು ತಿಳಿದ ಹುಡುಗ ತಟ್ಟೆಯನ್ನು ತೆಗೆದು, ದುಃಖದಿಂದ ಕಪಾಟಿನೊಳಗಿಟ್ಟ. ಮತ್ತೆಂದೂ ಅದನ್ನು ಹೊರತೆಗೆಯಲಿಲ್ಲ. ‘ಬುದ್ಧಿಹೀನ’ ಎಂಬ ತೀರ್ಪು ಹೊತ್ತ ಬಾಲಕ ಇನ್ನೊಬ್ಬರ ದುಃಖವನ್ನು ಓದಬಲ್ಲವನಾಗಿದ್ದ! ಯಾವ ಅಂಕಪಟ್ಟಿಯಲ್ಲಿ ಇದಕ್ಕೆ ಸ್ಥಳವಿದೆ? 1828ರಲ್ಲಿ ಸಾಯುವವರೆಗೂ ವಿಕ್ತೋರ್ ಆ ತಾಯಿಯ ಆಸರೆಯಲ್ಲೇ ಇದ್ದ.

ಒಬ್ಬರಿಂದ ಒಬ್ಬರಿಗೆ ದಾಟಿದ ದೀಪ

ಇತಾರರ ಶ್ರಮ ವ್ಯರ್ಥವಾಗಲಿಲ್ಲ. ಅವರಿಂದ ಪ್ರೇರಣೆ ಪಡೆದ ಎಡ್ವರ್ಡ್ ಸೆಗಾಂ, ಸಮಾಜ ಕೈಬಿಟ್ಟ ಮಕ್ಕಳಿಗೆ ಕಲಿಸುವ ಕ್ರಮವೊಂದನ್ನು ರೂಪಿಸಿ 1846ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಮೊದಲು ಕೈಕಾಲುಗಳ ಚಲನೆ, ಬಳಿಕ ಇಂದ್ರಿಯಗಳು, ಅನಂತರ ಬುದ್ಧಿ ಎಂಬುದು ಅವರ ಕ್ರಮ. ಅರ್ಧ ಶತಮಾನ ಕಳೆದ ಮೇಲೆ ರೋಮ್ ನಗರದ ಯುವ ವೈದ್ಯೆ ಮರಿಯಾ ಮಾಂಟೆಸರಿ ಈ ಇಬ್ಬರ ಬರಹಗಳನ್ನೂ ತಮ್ಮ ಕೈಯಾರೆ ಇಟಾಲಿಯನ್ ಭಾಷೆಯಲ್ಲಿ ಬರೆದುಕೊಂಡು ಅಭ್ಯಾಸ ಮಾಡಿದರು. ಹುಚ್ಚಾಸ್ಪತ್ರೆಗಳ ಮೂಲೆಯಲ್ಲಿ ಬಿದ್ದಿದ್ದ ಮಕ್ಕಳಿಗೆ ಅದೇ ದಾರಿಯಲ್ಲಿ ಕಲಿಸಿದರು. ಅವರಲ್ಲಿ ಕೆಲವರು ಸಾಮಾನ್ಯ ಶಾಲೆಯ ಮಕ್ಕಳ ಜೊತೆಗೆ ಪರೀಕ್ಷೆಗೆ ಕುಳಿತು ಓದುಬರಹದಲ್ಲಿ ತೇರ್ಗಡೆಯಾದರು.

ಲೋಕವೆಲ್ಲ ಇದನ್ನು ಪವಾಡವೆಂದು ಕೊಂಡಾಡುತ್ತಿದ್ದಾಗ ಮಾಂಟೆಸರಿಯವರ ಮನಸ್ಸಿನಲ್ಲಿ ಬೇರೊಂದು ಪ್ರಶ್ನೆ ಎದ್ದಿತ್ತು: ಕೈಬಿಟ್ಟ ಮಕ್ಕಳು ಇಷ್ಟು ಕಲಿಯಬಹುದಾದರೆ, ಆರೋಗ್ಯವಂತ ಮಕ್ಕಳನ್ನು ನಮ್ಮ ಶಾಲೆಗಳು ಇಷ್ಟು ಕೆಳಗೆ ಉಳಿಸಿಕೊಂಡಿರುವುದು ಹೇಗೆ? ಆ ಪ್ರಶ್ನೆಯ ಫಲವಾಗಿ 1907ರ ಜನವರಿ 6ರಂದು ರೋಮಿನ ಬಡ ಬಡಾವಣೆ ಸಾನ್ ಲೊರೆಂಜೊದಲ್ಲಿ ‘ಮಕ್ಕಳ ಮನೆ’ ತೆರೆಯಿತು. 1939ರಲ್ಲಿ ಭಾರತಕ್ಕೆ ಬಂದ ಮಾಂಟೆಸರಿಯವರು ಯುದ್ಧದ ವರ್ಷಗಳನ್ನು ಮದ್ರಾಸಿನ ಅಡ್ಯಾರಿನಲ್ಲಿಯೂ ಕೊಡೈಕೆನಾಲಿನಲ್ಲಿಯೂ ಕಳೆದು ನಮ್ಮ ಅನೇಕ ಶಿಕ್ಷಕರಿಗೆ ತರಬೇತಿ ನೀಡಿದರು. ಇಂದು ನಮ್ಮ ಊರಿನ ಮಾಂಟೆಸರಿ ಶಾಲೆಗೆ ಮಗುವನ್ನು ಸೇರಿಸುವಾಗ ನಾವು ಒಂದನ್ನು ನೆನೆಯಬೇಕು: ಆ ಕ್ರಮ ಮೊದಲು ಹುಟ್ಟಿದ್ದು ಜಾಣ ಮಕ್ಕಳಿಗಾಗಿ ಅಲ್ಲ. ಯಾರಿಗೂ ಬೇಡವಾಗಿದ್ದ ಮಕ್ಕಳೇ ಅದರ ಮೊದಲ ವಿದ್ಯಾರ್ಥಿಗಳು.

ಅಳತೆಗೋಲು ಹುಟ್ಟಿದ ಬಗೆ

ಇನ್ನು ಚರಿತ್ರೆಯ ಮತ್ತೊಂದು ಕವಲಿಗೆ ಬರೋಣ. 1882ರಲ್ಲಿ ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಅಲ್ಲಿಯವರೆಗೆ ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಮಕ್ಕಳೂ ತರಗತಿಗೆ ಬಂದರು. ಎಲ್ಲರೂ ಒಂದೇ ವೇಗದಲ್ಲಿ ಕಲಿಯಲಿಲ್ಲ. ಹಿಂದುಳಿದವರನ್ನು ಹೇಗೆ ಗುರುತಿಸಬೇಕು? ಶಿಕ್ಷಕರ ಸಿಟ್ಟು ಸೆಡವುಗಳಿಗೆ ಆ ನಿರ್ಧಾರವನ್ನು ಬಿಟ್ಟರೆ ತುಂಟ ಮಗುವೂ ಬಡ ಮಗುವೂ ‘ಮಂದಬುದ್ಧಿ’ಯೆಂದೇ ಹೊರಬಿದ್ದಾವು. ಈ ಪ್ರಶ್ನೆಯ ವಿಚಾರಣೆಗಾಗಿ 1904ರಲ್ಲಿ ಸರ್ಕಾರ ನೇಮಿಸಿದ ಸಮಿತಿಯಲ್ಲಿ ಮನೋವಿಜ್ಞಾನಿ ಆಲ್ಫ್ರೆಡ್ ಬಿನೇ ಇದ್ದರು.

ವೈದ್ಯ ಥಿಯೊಡೋರ್ ಸಿಮೋನ್ ಜೊತೆಗೂಡಿ ಬಿನೇ 1905ರಲ್ಲಿ ಮೂವತ್ತು ಪುಟ್ಟ ಪರೀಕ್ಷೆಗಳ ಒಂದು ಮಾಲೆಯನ್ನು ಸಿದ್ಧಪಡಿಸಿದರು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು, ಮೂರು ಅಂಕಿಗಳನ್ನು ಕೇಳಿ ಮರಳಿ ಹೇಳುವುದು, ಎರಡು ತೂಕಗಳಲ್ಲಿ ಹೆಚ್ಚು ಯಾವುದೆಂದು ಹೇಳುವುದು, ಇಂಥವು. ಉದ್ದೇಶ ಒಂದೇ: ಯಾವ ಮಗುವಿಗೆ ವಿಶೇಷ ನೆರವು ಬೇಕು ಎಂದು ತಿಳಿಯುವುದು. ಬಟ್ಟೆಯನ್ನು ಗಜದಿಂದ ಅಳೆದಂತೆ ಬುದ್ಧಿಯನ್ನು ಅಳೆಯಲಾಗದು ಎಂದು ಬಿನೇ ಸ್ವತಃ ಎಚ್ಚರಿಸಿದ್ದರು. ಬುದ್ಧಿ ಹುಟ್ಟಿನಿಂದಲೇ ನಿಶ್ಚಿತ, ಅದನ್ನು ಹೆಚ್ಚಿಸಲಾಗದು ಎನ್ನುವವರ ಕ್ರೂರ ನಿರಾಶಾವಾದವನ್ನು ಅವರು 1909ರ ತಮ್ಮ ಗ್ರಂಥದಲ್ಲಿ ಖಂಡಿಸಿದರು. ಬಾಗಿದ ಬೆನ್ನಿಗೆ ವ್ಯಾಯಾಮವಿರುವಂತೆ ಗಮನಕ್ಕೂ ನೆನಪಿಗೂ ವ್ಯಾಯಾಮವುಂಟೆಂದು ನಂಬಿ, ಅದಕ್ಕೆ ಬೇಕಾದ ಅಭ್ಯಾಸಗಳನ್ನೂ ರಚಿಸಿದರು. 1911ರಲ್ಲಿ, ಇನ್ನೂ ಐವತ್ತನಾಲ್ಕರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಳತೆಗೋಲು ಉಳಿಯಿತು. ಅದರ ಜೊತೆಗಿದ್ದ ಎಚ್ಚರಿಕೆಯನ್ನು ಲೋಕ ಮರೆಯಿತು.

ಕೋಲು ದೊಣ್ಣೆಯಾದಾಗ

ಅಮೆರಿಕಕ್ಕೆ ಬಿನೇ ಪರೀಕ್ಷೆಯನ್ನು ಒಯ್ದ ಹೆನ್ರಿ ಗೊಡಾರ್ಡ್, ಬುದ್ಧಿಯು ವಂಶಪಾರಂಪರ್ಯವಾಗಿ ಬರುವ, ಬದಲಾಗದ ಒಂದೇ ವಸ್ತುವೆಂದು ನಂಬಿದ್ದರು. ಮೂರ್ಖ ಎಂಬ ಅರ್ಥದ ಗ್ರೀಕ್ ಪದವೊಂದನ್ನು ಎತ್ತಿಕೊಂಡು, ಪರೀಕ್ಷೆಯಲ್ಲಿ ತುಸು ಹಿಂದೆ ಬಿದ್ದವರಿಗೆ ‘ಮೊರಾನ್’ ಎಂದು ಹೆಸರಿಟ್ಟರು. ವೈದ್ಯಶಾಸ್ತ್ರದ ಹೆಸರಾಗಿ ಹುಟ್ಟಿದ ಆ ಪದ ಇಂದು ಬೀದಿಯ ಬೈಗುಳವಾಗಿದೆ. 1916ರಲ್ಲಿ ಲೂಯಿಸ್ ಟರ್ಮನ್ ಪರೀಕ್ಷೆಯನ್ನು ವಿಸ್ತರಿಸಿ, ಐ.ಕ್ಯೂ. ಎಂದು ನಾವೆಲ್ಲ ಕೇಳಿರುವ ಒಂದೇ ಅಂಕಿಯನ್ನು ಜನಪ್ರಿಯಗೊಳಿಸಿದರು. ಮಗುವಿಗೆ ನೆರವು ಹುಡುಕಲು ಹುಟ್ಟಿದ ಸಾಧನ ಈಗ ಮನುಷ್ಯರನ್ನು ಮೇಲು ಕೀಳೆಂದು ಸಾಲಾಗಿ ನಿಲ್ಲಿಸುವ ಸಾಧನವಾಯಿತು.

ಇದರ ಕೊನೆ ಎಲ್ಲಿಗೆ ಮುಟ್ಟಿತು ಗೊತ್ತೇ? ವರ್ಜೀನಿಯಾ ರಾಜ್ಯದ ಕ್ಯಾರಿ ಬಕ್ ಎಂಬ ಬಡ ಯುವತಿಯನ್ನು ‘ಮಂದಬುದ್ಧಿಯವಳು’ ಎಂದು ಘೋಷಿಸಿ, ಆಕೆಗೆ ಇನ್ನು ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಲು 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅನುಮತಿ ನೀಡಿತು. ಒಂಬತ್ತು ನ್ಯಾಯಾಧೀಶರಲ್ಲಿ ಎಂಟು ಮಂದಿ ಒಪ್ಪಿದರು. ಆಕೆಯ ಪುಟ್ಟ ಮಗಳು ವಿವಿಯನ್ ಕೂಡ ಸಹಜವಾಗಿಲ್ಲವೆಂದು, ಕೂಸು ಏಳೆಂಟು ತಿಂಗಳಿನದಾಗಿದ್ದಾಗಲೇ ಸಾಕ್ಷ್ಯ ನುಡಿಯಲಾಗಿತ್ತು. ಆ ಮಗು ಮುಂದೆ ಶಾಲೆಗೆ ಹೋಯಿತು. 1931ರಲ್ಲಿ ತನ್ನ ಶಾಲೆಯ ಉತ್ತಮ ವಿದ್ಯಾರ್ಥಿಗಳ ಗೌರವಪಟ್ಟಿಯಲ್ಲಿ ಅದರ ಹೆಸರಿತ್ತು! ಮರುವರ್ಷವೇ, ಎಂಟರ ಎಳೆಯ ಪ್ರಾಯದಲ್ಲಿ, ಅದು ಕಾಯಿಲೆಯಿಂದ ಕಣ್ಮುಚ್ಚಿತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ 60,000ಕ್ಕೂ ಹೆಚ್ಚು ಜನರು ಇಂಥ ಶಸ್ತ್ರಚಿಕಿತ್ಸೆಗೆ ಗುರಿಯಾದರು. ಈ ಕ್ರೌರ್ಯವನ್ನು ವಿಜ್ಞಾನವೆಂದೇ ಅನೇಕರು ನಂಬಿದ್ದ ಆ ಕಾಲದಲ್ಲಿ, 1930ರ ಡಿಸೆಂಬರ್ 31ರಂದು ಜಗದ್ಗುರು ಹನ್ನೊಂದನೆಯ ಪಿಯುಸ್ ತಮ್ಮ ವಿಶ್ವಪತ್ರದಲ್ಲಿ, ತಪ್ಪು ಮಾಡದವರ ದೇಹದ ಮೇಲೆ ಸರ್ಕಾರಕ್ಕೆ ಇಂಥ ಅಧಿಕಾರವಿಲ್ಲವೆಂದು ಸ್ಪಷ್ಟವಾಗಿ ಸಾರಿದರು.

ನ್ಯಾಯಾಲಯದ ತೀರ್ಪಿಗೂ ನಮ್ಮ ಅಡುಗೆಮನೆಯಲ್ಲಿ ಸಿಟ್ಟಿನಿಂದ ಹೊರಬೀಳುವ ‘ದಡ್ಡ’ ಎಂಬ ಮಾತಿಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಪರಿಣಾಮದಲ್ಲಿ ಅಜಗಜಾಂತರವಿದೆ, ನಿಜ. ಆದರೆ ಎರಡರ ಬೇರೂ ಒಂದೇ. ಈ ಮಗು ಇಷ್ಟೇ, ಇನ್ನು ಬೆಳೆಯದು ಎಂಬ ನಿರ್ಧಾರವೇ ಆ ಬೇರು.

ಅಕ್ಷರ ಕಾಣದ ಜಾಣ

ಒಂದೇ ಅಂಕಿಯಿಂದ ಮಗುವನ್ನು ತೂಗಲಾಗದು ಎಂಬುದಕ್ಕೆ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ಪರ್ಸಿ ಎಂಬ ಹುಡುಗನ ಕಥೆಯೇ ಸಾಕ್ಷಿ. 1896ರಲ್ಲಿ ವೈದ್ಯ ಪ್ರಿಂಗಲ್ ಮಾರ್ಗನ್ ಅವನ ವಿಷಯವನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹದಿನಾಲ್ಕು ವರ್ಷದ ಪರ್ಸಿ ಚುರುಕಿನ ಹುಡುಗ, ಆಟದಲ್ಲಿ ಮುಂದು. 749ನ್ನು 867ರಿಂದ ಗುಣಿಸು ಎಂದರೆ ಬೇಗನೆ, ಸರಿಯಾಗಿ ಗುಣಿಸುತ್ತಿದ್ದ. ಆದರೆ ವರ್ಷಗಟ್ಟಲೆ ಕಲಿಸಿದರೂ ಓದು ಮಾತ್ರ ಬರಲಿಲ್ಲ. ತನ್ನ ಹೆಸರನ್ನೇ ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನು ಮೊದಲಿಗನಾಗುತ್ತಿದ್ದ ಎಂಬುದು ಅವನ ಶಿಕ್ಷಕರ ಅಭಿಪ್ರಾಯವಾಗಿತ್ತು. ಮಾರ್ಗನ್ ಇದನ್ನು ಹುಟ್ಟಿನಿಂದ ಬಂದ ‘ಪದಗುರುಡು’ ಎಂದು ಕರೆದರು. ಇಂದು ನಾವು ಡಿಸ್ಲೆಕ್ಸಿಯ ಎನ್ನುವುದು ಇದನ್ನೇ. ಇದು ಸೋಮಾರಿತನವಲ್ಲ, ಬುದ್ಧಿಯ ಕೊರತೆಯೂ ಅಲ್ಲ. ಅಕ್ಷರಕ್ಕೂ ಧ್ವನಿಗೂ ನಂಟು ಬೆಸೆಯುವಲ್ಲಿ ಮಿದುಳು ಪಡುವ ತೊಡಕು.

ನಮ್ಮ ಕನ್ನಡದ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಲಿಪಿಯಲ್ಲಿ ವರ್ಣಮಾಲೆಯ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ ಸೇರಿ ನೂರಾರು ರೂಪಗಳಾಗುತ್ತವೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಗಳ ಮೇಲೆ ಹಿಡಿತ ಸಾಧಿಸಲು ಮಕ್ಕಳಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ ಎಂದು ತೋರಿಸಿತು. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಕಿವಿ ಹಿಂಡುವ ಮುನ್ನ ಈ ಮಾತು ನೆನಪಿರಲಿ. ಆ ವಯಸ್ಸಿನಲ್ಲಿ ತಡವರಿಕೆ ಸಹಜ. ಆದರೆ ನಾಲ್ಕೈದನೆಯ ತರಗತಿಗೆ ಬಂದರೂ ಸರಳ ಪದಗಳಲ್ಲೇ ಮಗು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದರೆ, ಬಾಯಲ್ಲಿ ಹೇಳಬಲ್ಲದ್ದನ್ನು ಬರೆಯಲಾರದೆ ಒದ್ದಾಡುತ್ತಿದ್ದರೆ, ಅದು ಬೆತ್ತಕ್ಕಲ್ಲ, ಪರೀಕ್ಷಿಸಬಲ್ಲ ತಜ್ಞರ ಬಳಿಗೆ ಕರೆದೊಯ್ಯಲು ಸೂಚನೆ.

ನಮ್ಮ ನಾಡಿನ ದಾರಿ

ಬಿನೇ ಅವರ ಅಳತೆಗೋಲು ನಮ್ಮ ನಾಡಿಗೂ ಬಂತು. ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸಿ, ತಮ್ಮ ಸಂಶೋಧನೆಯನ್ನು 1934ರಲ್ಲಿ ಲೇಖನವಾಗಿ, 1940ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಪರದೇಶದ ಮಗುವಿಗೆಂದು ಮಾಡಿದ ಪ್ರಶ್ನೆಯನ್ನು ನಮ್ಮ ಮಗುವಿನ ಮುಂದಿಟ್ಟು ಅದು ತಪ್ಪಿತೆನ್ನುವುದು ನ್ಯಾಯವಲ್ಲ; ಮಗುವಿನ ಮಾತಿನಲ್ಲಿಯೇ ಮಗುವನ್ನು ಕೇಳಬೇಕು. ಬಿನೇ-ಕಾಮತ್ ಪರೀಕ್ಷೆ ನಮ್ಮ ದೇಶದ ಮನೋವಿಜ್ಞಾನಿಗಳ ಕೈಯಲ್ಲಿ ದಶಕಗಳ ಕಾಲ ಬಳಕೆಯಲ್ಲಿದೆ. ಅದನ್ನು ಬಿನೇ ಬಯಸಿದಂತೆ ನೆರವಿನ ಬಾಗಿಲು ತೆರೆಯಲು ಬಳಸಬಹುದು, ಗೊಡಾರ್ಡ್ ಮಾಡಿದಂತೆ ಬಾಗಿಲು ಮುಚ್ಚಲೂ ಬಳಸಬಹುದು. ಕೋಲು ಒಂದೇ, ಹಿಡಿದ ಕೈ ಬೇರೆ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದು ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿ 1965ರಲ್ಲಿ ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮನಸ್ಸಿನ ಚಿಕಿತ್ಸೆ ದೊಡ್ಡ ಪಟ್ಟಣಕ್ಕೆ ಮಾತ್ರ ಸೀಮಿತವಾಗಬಾರದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಕಾನೂನೂ ನಿಧಾನವಾಗಿ ಮಗುವಿನ ಪಕ್ಕಕ್ಕೆ ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಸೂಕ್ತ ಪ್ರಮಾಣಪತ್ರವಿದ್ದರೆ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲಗಳು ದೊರೆಯುತ್ತವೆ. ಇದನ್ನು ಕೇಳಿಕೊಳ್ಳಲು ಎಷ್ಟೋ ತಂದೆತಾಯಿಯರು ನಾಚುತ್ತಾರೆ. ಕನ್ನಡಕ ಹಾಕಿಸಲು ನಾವು ನಾಚುತ್ತೇವೆಯೇ?

ಕಲಿಕೆಯ ತೊಡಕಿಗೂ ಮನಸ್ಸಿನ ನೋವಿಗೂ ಹತ್ತಿರದ ನಂಟಿದೆ. ದಿನವೂ ತರಗತಿಯಲ್ಲಿ ಎಲ್ಲರೆದುರು ಎದ್ದು ನಿಂತು ಓದಲಾರದೆ ತಲೆತಗ್ಗಿಸುವ ಮಗುವಿಗೆ ಬೆಳಗಾದರೆ ಹೊಟ್ಟೆನೋವು ಬರುತ್ತದೆ. ಅದು ಎಲ್ಲ ಸಲವೂ ಸುಳ್ಳಲ್ಲ. ಕೆಲವು ಮಕ್ಕಳು ಮಾತೇ ಬಿಡುತ್ತಾರೆ, ಕೆಲವರು ಜಗಳಗಂಟರಾಗುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ಪ್ರಾಯದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತು. ಅಂದರೆ ನಮ್ಮ ಧರ್ಮಕೇಂದ್ರದ ಜ್ಞಾನೋಪದೇಶ ತರಗತಿಯಲ್ಲಿ ಮೂವತ್ತು ಹರೆಯದ ಮಕ್ಕಳು ಕುಳಿತಿದ್ದರೆ, ಅವರಲ್ಲಿ ಇಬ್ಬರಾದರೂ ಹೇಳಿಕೊಳ್ಳಲಾಗದ ಭಾರವನ್ನು ಹೊತ್ತಿರಬಹುದು. ಇಂಥವರಿಗಾಗಿಯೇ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ದೂರವಾಣಿ ಸೇವೆ ಟೆಲಿ ಮಾನಸ್. ಅದರ ಸಂಖ್ಯೆ 14416; ಹಗಲೂ ಇರುಳೂ ಕರೆ ಮಾಡಬಹುದು. ‘ನಾನಿದ್ದು ಪ್ರಯೋಜನವಿಲ್ಲ’ ಎಂಬಂಥ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ನಾಟಕವೆಂದು ತಳ್ಳಿಹಾಕದೆ ಆ ದಿನವೇ ನೆರವು ಕೋರಬೇಕು.

ಎರಡು ಪ್ರಶ್ನೆಗಳು

ಪ್ರಿಯ ಓದುಗರೇ, ಈ ಇನ್ನೂರು ವರ್ಷಗಳ ಚರಿತ್ರೆ ನಮ್ಮ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತದೆ. ಈ ಮಗುವಿನ ಬೆಲೆ ಎಷ್ಟು ಎಂಬುದು ಒಂದು. ಈ ಮಗುವಿಗೆ ಏನು ಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದವರು, ಅವರೆಷ್ಟೇ ವಿದ್ವಾಂಸರಾಗಿರಲಿ, ಮಕ್ಕಳ ಬಾಳಿಗೆ ಬೇಲಿ ಹಾಕಿದರು. ಎರಡನೆಯದನ್ನು ಕೇಳಿದವರು ಮಗುವಿನ ಪಕ್ಕದಲ್ಲಿ ಕುಳಿತರು, ಕಾದರು, ಸೋತರೂ ಮತ್ತೊಂದು ದಾರಿ ಹುಡುಕಿದರು. ಅವರಲ್ಲಿ ವೈದ್ಯ ಇತಾರರಿದ್ದಂತೆ ಊಟ ಬಡಿಸಿದ ತಾಯಿ ಗೆರಾಂ ಕೂಡ ಇದ್ದರು. ತಜ್ಞರ ಚಿಕಿತ್ಸೆ ಐದು ವರ್ಷಕ್ಕೆ ಮುಗಿಯಿತು. ಆಕೆಯ ಆರೈಕೆ ಮುಗಿಯಲಿಲ್ಲ.

ಆದುದರಿಂದ ಮುಂದಿನ ಸಲ ಅಂಕಪಟ್ಟಿ ಕೈಗೆ ಬಂದಾಗ, ಅದನ್ನು ಮಡಚಿ ಬದಿಗಿಟ್ಟು ಮೊದಲು ಮಗುವಿನ ಮುಖ ನೋಡಿ. ಯಾವ ಪಾಠ ಕಷ್ಟ, ಯಾವ ಹೊತ್ತಿನಲ್ಲಿ ಭಯ, ಯಾರ ಮಾತು ನೋಯಿಸಿತು ಎಂದು ಮೆಲ್ಲಗೆ ಕೇಳಿ. ಶಿಕ್ಷಕರನ್ನು ಕಾಣಿ, ಅಗತ್ಯವಿದ್ದರೆ ತಜ್ಞರನ್ನೂ ಕಾಣಿ. ಅರ್ಧ ಮುಚ್ಚಿದ ಬಾಗಿಲಿನ ಮನೆ ನಿಮ್ಮ ನೆರೆಯಲ್ಲಿದ್ದರೆ, ಅಂಕ ಎಷ್ಟೆಂದು ಕೇಳದೆ ಒಳಗೆ ಹೋಗಿ ಒಂದು ಗಳಿಗೆ ಕುಳಿತು ಬನ್ನಿ.